ರೆಸಿನ್ ಟ್ಯಾಂಕ್: ಬಣ್ಣಕ್ಕೆ ಮೊದಲು ಸೋಪಿನ ನೀರು

ಯುದ್ಧ ಟ್ಯಾಂಕಿನ ಪುಟ್ಟ ಮಾದರಿಯನ್ನು ರೆಸಿನ್ (ಅಚ್ಚಿಗೆ ಹೊಯ್ದು ಗಟ್ಟಿಯಾಗಿಸಿದ ರಾಳ) ಬಿಡಿಭಾಗಗಳಿಂದ ಮೊದಲ ಬಾರಿಗೆ ಜೋಡಿಸುತ್ತಿರುವವರಿಗೆ ಒಂದು ಮಾತು. ಬಿಡಿಭಾಗಗಳನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ತೊಳೆದು, ಒಣಗಿಸಿದ ಮೇಲೆಯೇ ಮುಂದುವರಿಯಿರಿ. ಅಚ್ಚಿನಿಂದ ಸುಲಭವಾಗಿ ಬಿಟ್ಟುಕೊಳ್ಳಲೆಂದು ಹಚ್ಚಿದ ಜಿಡ್ಡು ಅವುಗಳ ಮೇಲೆ ಉಳಿದಿರುತ್ತದೆ. ಅದರ ಮೇಲೆ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹೊಡೆಯುವ ತಳಪದರ, ಸರಿಯಾಗಿ ಹಿಡಿಯುವುದಿಲ್ಲ. ನಾನು ಆತುರಪಟ್ಟು ತೊಳೆಯದೆ ಬಣ್ಣ ಹೊಡೆದಿದ್ದೆ. ಮಾಸ್ಕಿಂಗ್ ಟೇಪ್ ಕಿತ್ತಾಗ ಟರೆಟ್‌ನ (ಫಿರಂಗಿ ಇರುವ, ತಿರುಗುವ ಮೇಲ್ಭಾಗದ) ಅರ್ಧ ಬಣ್ಣ ಟೇಪಿನ ಜೊತೆಗೇ ಎದ್ದು ಬಂದಿತು!

ಫಿರಂಗಿಯ ನಳಿಕೆ ಬಾಗಿದ್ದರೆ ಬಲವಂತದಿಂದ ನೆಟ್ಟಗೆ ಮಾಡಲು ಹೋಗಬೇಡಿ, ಪಟ್ಟನೆ ಮುರಿಯುತ್ತದೆ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ, ಮೆತ್ತಗಾದಾಗ ಸಮತಟ್ಟಾದ ಗಾಜಿನ ಮೇಲೆ ಉರುಳಿಸಿ, ತಕ್ಷಣ ತಣ್ಣೀರಿಗೆ ಹಾಕಿ.

ಪ್ಲಾಸ್ಟಿಕ್ ಕಿಟ್‌ಗಳ ಅಂಟು ಇಲ್ಲಿ ಕೆಲಸಕ್ಕೆ ಬಾರದು. ಅದು ಆ ಕಿಟ್‌ಗಳ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುತ್ತದೆ, ರೆಸಿನ್ ಕರಗುವುದಿಲ್ಲ. ಸೂಪರ್ ಗ್ಲೂ ಅಥವಾ ಎಪಾಕ್ಸಿ ಅಂಟು ಬಳಸಿ. ಸ್ಯಾಂಡ್‌ಪೇಪರನ್ನು ಒದ್ದೆ ಮಾಡಿಕೊಂಡೇ ಉಜ್ಜಿ, ಮಾಸ್ಕ್ ಇರಲಿ. ರೆಸಿನ್ ಉಜ್ಜಿದಾಗ ಏಳುವ ನುಣ್ಣನೆಯ ಪುಡಿ ಶ್ವಾಸಕೋಶಕ್ಕೆ ಕೆಡುಕು.

ಇನ್ನು ಬಣ್ಣ. 1:35 ಅಳತೆಯ (ಅಸಲಿಯ ಉದ್ದದ 35ರಲ್ಲಿ ಒಂದು ಪಾಲಿನ) ಮಾದರಿಗೆ ಅಸಲಿ ಟ್ಯಾಂಕಿನ ಕಡುಹಸಿರನ್ನೇ ಹೊಡೆದರೆ ತೀರಾ ಕಪ್ಪಗೆ ಕಾಣುತ್ತದೆ. ನಾನಂತೂ ಸ್ವಲ್ಪ ತಿಳಿ ಬಣ್ಣ ಬೆರೆಸಿ, ತೆಳುವಾಗಿ ಎರಡು ಮೂರು ಪದರ ಹೊಡೆಯುತ್ತೇನೆ.