ಟಿಲ್ಲರ್‌ನಿಂದ ಇಳಿಸಿದ ಆಯಿಲ್ ಏನು ಮಾಡಬೇಕು?

ಮಳೆ ಹಿಡಿಯುವ ಮುಂಚೆ ಟಿಲ್ಲರ್‌ಗೆ ಹೊಸ ಆಯಿಲ್ ಹಾಕಿ, ಔಷಧಿ ಹೊಡೆಯುವ ಪಂಪನ್ನು ಸಜ್ಜು ಮಾಡಿಟ್ಟುಕೊಳ್ಳುವುದು ಮಲೆನಾಡಿನ ತೋಟದ ಮನೆಗಳ ವಾಡಿಕೆ. ಇಳಿಸಿದ ಕರಿ ಆಯಿಲ್ ಒರಲೆ ಹಿಡಿಯದಿರಲೆಂದು ಬೇಲಿಗೂಟಕ್ಕೆ ಹೋಗುತ್ತದೆ, ಮಿಕ್ಕಿದ್ದು ಅಡಿಕೆ ಬೇಯಿಸುವ ಒಲೆಯ ಹಸಿ ಸೌದೆಗೆ. ಎರಡೂ ತಪ್ಪು. ಎಂಜಿನ್ನಿನಲ್ಲಿ ದುಡಿದ ಎಣ್ಣೆಯಲ್ಲಿ ಸವೆದ ಲೋಹದ ಕಣಗಳೂ ಇಂಧನ ಉರಿದಾಗ ಹುಟ್ಟಿದ ಕ್ಯಾನ್ಸರ್‌ಕಾರಕ ರಾಸಾಯನಿಕಗಳೂ ಸೇರಿರುತ್ತವೆ. ಸುಟ್ಟರೆ ಅವು ಒಲೆಯ ಮುಂದೆ ಕೂತವರ ಉಸಿರಿಗೆ ಬರುತ್ತವೆ. ಗೂಟಕ್ಕೆ ಬಳಿದದ್ದು, ತೀರ್ಥಹಳ್ಳಿ ಸೀಮೆಯಲ್ಲಾದರೆ, ಆಷಾಢದ ಮಳೆಗೆ ತೊಳೆದು ಬಸಿಗಾಲುವೆಯಿಂದ ಹಳ್ಳಕ್ಕೆ, ಹಳ್ಳದಿಂದ ತುಂಗೆಗೆ ಇಳಿಯುತ್ತದೆ. ಶಿವಮೊಗ್ಗ ನಗರ ಕುಡಿಯುವುದು ಆ ಹೊಳೆಯ ನೀರನ್ನೇ.

ಅದನ್ನು ಚೆಲ್ಲದಂತೆ ಇಳಿಸಿ, ಬೆರಕೆಯಾಗದಂತೆ ಕಾಯ್ದು, ಮರುಸಂಸ್ಕರಣೆಗೆ ಕಳಿಸುವ ಗ್ಯಾರೇಜಿಗೆ ಕೊಡಬೇಕು. ಮೊದಲು ಎಂಜಿನ್ನನ್ನು ಐದು ನಿಮಿಷ ಓಡಿಸಿ ನಿಲ್ಲಿಸಬೇಕು. ಬೆಚ್ಚಗಿನ ಎಣ್ಣೆ ತೆಳುವಾಗಿ, ತಳದ ಕೊಳೆಯನ್ನೂ ಎಳೆದುಕೊಂಡು ಇಳಿಯುತ್ತದೆ; ಆದರೆ ಕೈ ಸುಡುವಷ್ಟು ಬಿಸಿಯಿರಬಾರದು. ಯಂತ್ರವನ್ನು ಸಮನಾದ ನೆಲದಲ್ಲಿ ನಿಲ್ಲಿಸಿ, ಅಗಲ ಬಾಯಿಯ ಪಾತ್ರೆಯಿಟ್ಟು, ಕೈಗವಸು ತೊಟ್ಟು ಕೆಳಗಿನ ಬೋಲ್ಟ್ ಬಿಚ್ಚಬೇಕು. ಕೈಗೆ ಸಿಕ್ಕಿತೆಂದು ಅಡಿಕೆ ಹಾಳೆಯನ್ನು ಹರಡುವವರಿದ್ದಾರೆ. ಅದರ ಅಂಚಿನಿಂದ ಅರ್ಧ ಎಣ್ಣೆ ಅಂಗಳಕ್ಕೇ ಹೋಗುತ್ತದೆ. ಕೊನೆಯ ಹನಿ ನಿಲ್ಲಲು ಹದಿನೈದು ನಿಮಿಷ ಕಾಯಬೇಕು. ನೆಲಕ್ಕೆ ಚೆಲ್ಲಿದ್ದರ ಮೇಲೆ ಮರದ ಹೊಟ್ಟು ಹರಡಿ, ಹೀರಿಕೊಂಡ ಮೇಲೆ ಗುಡಿಸಿ ಬೇರೆ ಚೀಲಕ್ಕೆ ತುಂಬಬೇಕು, ಗೊಬ್ಬರಗುಂಡಿಗೆ ಹಾಕಬಾರದು.

ಎಣ್ಣೆ ಇಳಿಸುವುದಕ್ಕಿಂತ ಅದನ್ನು ಬೆರಕೆಯಾಗದಂತೆ ಕಾಯುವುದೇ ಕಷ್ಟ. ಒಮ್ಮೆ ನಾನು ಚೈನ್ ತೊಳೆದ ಸೀಮೆಎಣ್ಣೆಯನ್ನು, ಎಲ್ಲಾ ಎಣ್ಣೆಯೇ ತಾನೆ ಎಂದುಕೊಂಡು, ಇಳಿಸಿದ ಆಯಿಲ್ ಇದ್ದ ಕ್ಯಾನಿಗೇ ಸುರಿದಿದ್ದೆ. ಮುಚ್ಚಳವೂ ಸಡಿಲವಿತ್ತು, ಸೂರಿನ ನೀರೂ ಸೇರಿತು. ಗ್ಯಾರೇಜಿನವರು ಮುಚ್ಚಳ ತೆಗೆದು ಮೂಸಿ, ಹಾಲು ಬೆರೆಸಿದ ಕಾಫಿಯಂತಿದ್ದ ಅದರ ಬಣ್ಣ ನೋಡಿ, ಕ್ಯಾನನ್ನು ನನ್ನ ಕಡೆಗೇ ತಳ್ಳಿದರು. ನೀರು, ಪೆಟ್ರೋಲ್, ಕೂಲಂಟ್, ಬ್ರೇಕ್ ಆಯಿಲ್ ಯಾವುದೂ ಇದಕ್ಕೆ ಸೇರಬಾರದು. ಕೀಟನಾಶಕದ ಕ್ಯಾನ್ ಎಷ್ಟು ತೊಳೆದರೂ ಇದಕ್ಕೆ ಸಲ್ಲದು. ಕುಡಿಯುವ ನೀರಿನ ಬಾಟಲಿಯಂತೂ ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಹೊಸ ಆಯಿಲ್ ಬಂದ ಡಬ್ಬಿಯೇ ಲೇಸು. ಅದರ ಮೇಲೆ ದಿನಾಂಕ ಬರೆದು, ಬಾವಿಯಿಂದಲೂ ಒಲೆಯಿಂದಲೂ ದೂರ, ಮಾಡಿನ ಕೆಳಗೆ ಇಡಿ.



ಬಿಚ್ಚಿದ ಹಳೇ ಆಯಿಲ್ ಫಿಲ್ಟರಿನ ತಲೆಗೆ ತೂತು ಹೊಡೆದು, ಬೋರಲು ಹಾಕಿ ಹನ್ನೆರಡು ಗಂಟೆ ಬಸಿಯಲು ಬಿಟ್ಟರೆ ಒಳಗೆ ಕೂತಿದ್ದ ಎಣ್ಣೆಯೂ ಇಳಿಯುತ್ತದೆ. ನಾಲ್ಕಾರು ಮನೆಯವರು ಕೂಡಿಸಿಟ್ಟು, ಸಂತೆಗೆ ಹೋಗುವ ಜೀಪಿನಲ್ಲಿ ಶಿವಮೊಗ್ಗಕ್ಕೋ ಸಾಗರಕ್ಕೋ ಕಳಿಸಿದರೆ ಸಾಗಣೆಯೂ ಹಗುರ. ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ಒಳಪಟ್ಟ ವಸ್ತು. ಆದ್ದರಿಂದ ಕೊಡುವ ಮುನ್ನ, ಇದನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯಿರುವ ಮರುಸಂಸ್ಕರಣೆ ಘಟಕಕ್ಕೆ ಕಳಿಸುತ್ತೀರಾ ಎಂದು ಗ್ಯಾರೇಜಿನವರನ್ನು ಕೇಳಲು ಸಂಕೋಚ ಬೇಡ. ಕುಲುಮೆಗೆ ಉರುವಲಾಗಿ ಮಾರುವವರಿಗೆ ಕೊಟ್ಟರೆ ಇಷ್ಟು ಪಾಡುಪಟ್ಟದ್ದೆಲ್ಲ ಹೊಗೆಯಾಗಿ ಹೋದಂತೆ. ಘಟಕದಲ್ಲಿ ಎಣ್ಣೆಯನ್ನು ಕಾಯಿಸಿ ನೀರನ್ನೂ ಇಂಧನದ ಅಂಶವನ್ನೂ ತೆಗೆಯುತ್ತಾರೆ. ಆಮೇಲೆ ನಿರ್ವಾತದಲ್ಲಿ ಭಟ್ಟಿ ಇಳಿಸಿ, ಬಣ್ಣ-ವಾಸನೆ ಕಳೆದು, ಮತ್ತೆ ಎಂಜಿನ್ನಿಗೆ ಹಾಕಬಲ್ಲ ಆಯಿಲ್‌ಗೆ ಮೂಲದ್ರವ್ಯವಾಗಿಸುತ್ತಾರೆ. ಎಂಜಿನ್ನಿನಲ್ಲಿ ಎಣ್ಣೆ ಕೊಳೆಯಾಗುತ್ತದೆಯೇ ಹೊರತು ಸವೆದು ಮುಗಿಯುವುದಿಲ್ಲ.

ಹಾಗಾದರೆ ಬೇಲಿಗೂಟಕ್ಕೆ ಏನು ಬಳಿಯುವುದು? ಹಿಂದಿನವರು ಗೂಟ ಹುಗಿಯುವ ಮುಂಚೆ ಬುಡವನ್ನು ಬೆಂಕಿಯಲ್ಲಿ ಹಿಡಿದು ಮೇಲ್ಮೈ ಕರಿಯಾಗುವಷ್ಟು ಸುಡುತ್ತಿದ್ದರು. ಗೇರುಸಿಪ್ಪೆಯ ಎಣ್ಣೆ ಸಿಕ್ಕರೆ ಅದನ್ನೂ ಬಳಿಯಬಹುದು, ಆದರೆ ಕೈಗೆ ತಾಗಿದರೆ ಬೊಬ್ಬೆ ಏಳುತ್ತದೆ.