ಡೋಸ್ ಏರಿಸುವ ಮೊದಲು ಲೆವೆಲ್ ನೋಡುತ್ತೇನೆ

ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗೆ ಕ್ಲೋಜಪೈನ್ ಮಾತ್ರೆ ಕೊಟ್ಟಿದ್ದೇವೆ, ಕಿವಿಯಲ್ಲಿ ಧ್ವನಿ ಕೇಳೋದು ನಿಂತಿಲ್ಲ. ಆಗ ಡೋಸ್ ಏರಿಸೋಣ ಅನ್ನಿಸುವುದು ಸಹಜ. ನಾನು ಮೊದಲು ರಕ್ತದಲ್ಲಿ ಔಷಧಿ ಎಷ್ಟಿದೆ, ಅಂದರೆ ಅದರ ಲೆವೆಲ್ ಎಷ್ಟು ಅಂತ ನೋಡುತ್ತೇನೆ. ಒಂದೇ ಡೋಸ್ ತೆಗೆದುಕೊಳ್ಳುವ ಇಬ್ಬರಲ್ಲಿ ಲೆವೆಲ್ ಹಲವು ಪಟ್ಟು ಬೇರೆ ಇರಬಹುದು.

ಡೋಸ್ ಬದಲಾಗದೆ ಸುಮಾರು ಒಂದು ವಾರ ಕಳೆದಿರಬೇಕು. ರಾತ್ರಿ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ, ಬೆಳಗಿನ ಮಾತ್ರೆಗೆ ಮುಂಚೆ ರಕ್ತ ತೆಗೆಯಬೇಕು. ಬೆಳಗಿನ ಮಾತ್ರೆ ನುಂಗಿ ಬಂದವರ ರಿಪೋರ್ಟ್ ಸುಮ್ನೆ ದಾರಿ ತಪ್ಪಿಸುತ್ತದೆ.

ಒಂದು ಮಿಲಿಲೀಟರ್‌ಗೆ 350 ನ್ಯಾನೋಗ್ರಾಂ ದಾಟಿದರೆ ಗುಣ ಕಾಣುವ ಸಾಧ್ಯತೆ ಜಾಸ್ತಿ. ಆದರೆ 250ರಲ್ಲೇ ಚೆನ್ನಾಗಿರುವವರ ಡೋಸ್ ನಾನು ಮುಟ್ಟುವುದಿಲ್ಲ. ಲೆವೆಲ್ ತೀರಾ ಏರಿದರೆ ಫಿಟ್ಸ್ ಭಯ ಇದ್ದೇ ಇದೆ.

ನನ್ನನ್ನು ಹೆಚ್ಚು ಎಚ್ಚರಿಸಿದ್ದು ಸಿಗರೇಟು. ದಿನವಿಡೀ ಸೇದುತ್ತಿದ್ದ ಒಬ್ಬರು ವಾರ್ಡಿಗೆ ಸೇರಿದರು, ಅಲ್ಲಿ ಸೇದುವಂತಿಲ್ಲ. ಡೋಸ್ ಅದೇ, ಆದರೆ ಕೆಲವೇ ದಿನದಲ್ಲಿ ಮಂಪರು, ಜೊಲ್ಲು, ತಡವರಿಸುವ ನಡಿಗೆ. ಲೆವೆಲ್ ಮೊದಲಿನ ಹೆಚ್ಚುಕಡಿಮೆ ಎರಡರಷ್ಟಾಗಿತ್ತು. ಹೊಗೆಯಲ್ಲಿರುವ ಟಾರ್ ಅಂಶಗಳು ಕ್ಲೋಜಪೈನ್ ಕರಗಿಸುವ ಲಿವರ್ ಕಿಣ್ವವನ್ನು ಚುರುಕುಗೊಳಿಸುತ್ತವೆ. ಹೊಗೆ ನಿಂತರೆ ಅದು ನಿಧಾನವಾಗುತ್ತದೆ. ಇದು ನಿಕೋಟಿನ್ ಕೆಲಸವಲ್ಲ, ಹಾಗಾಗಿ ನಿಕೋಟಿನ್ ಪ್ಯಾಚ್ ಹಾಕಿದರೂ ಲೆವೆಲ್ ಇಳಿಯುವುದಿಲ್ಲ. ಡೋಸ್ ಇಳಿಸಿದೆವು. ಮನೆಗೆ ಹೋಗಿ ಮತ್ತೆ ಸೇದಿದರೆ ಲೆವೆಲ್ ಕುಸಿಯುತ್ತದೆ ಅಂತ ಮನೆಯವರಿಗೂ ಹೇಳಿ ಕಳಿಸಿದೆ. ಜ್ವರ, ನ್ಯುಮೋನಿಯಾ ಬಂದಾಗ, ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಅಥವಾ ಖಿನ್ನತೆ, ಗೀಳಿಗೆ ಕೊಡುವ ಫ್ಲುವೊಕ್ಸಮಿನ್ ಶುರು ಮಾಡಿದಾಗಲೂ ಲೆವೆಲ್ ಏರುತ್ತದೆ.

ಲೆವೆಲ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಬಂದರೆ ಬಹುತೇಕ ಮಾತ್ರೆ ಹೊಟ್ಟೆಗೆ ಹೋಗಿಲ್ಲ ಅಂತಲೇ ಅರ್ಥ, ಅಲ್ವಾ? ಆದರೂ ರಿಪೋರ್ಟ್ ಮುಂದಿಟ್ಟು ಜೋರು ಮಾಡುವುದಿಲ್ಲ. "ದಿನಾ ತಗೊಳ್ಳೋಕೆ ಕಷ್ಟ ಆಗ್ತಿದ್ಯಾ?" ಅಂತ ಕೇಳುತ್ತೇನೆ. ಒಬ್ಬ ಹುಡುಗ, "ಬೆಳಗ್ಗೆ ತಗೊಂಡ್ರೆ ಕಣ್ಣು ಬಿಡಕ್ಕಾಗಲ್ಲ ಡಾಕ್ಟ್ರೇ, ಅದಕ್ಕೇ ಬಿಟ್ಟೆ" ಅಂದ. ಸಣ್ಣ ಡೋಸಿನಿಂದ ಮತ್ತೆ ಶುರು ಮಾಡಿ, ಹೆಚ್ಚಿನ ಪಾಲನ್ನು ರಾತ್ರಿಗೆ ಇಟ್ಟೆ. ಕೆಲವು ದಿನ ತಪ್ಪಿದ ಕ್ಲೋಜಪೈನನ್ನು ಹಳೆಯ ಡೋಸಿಗೇ ನೇರವಾಗಿ ಏರಿಸುವುದು ಅಪಾಯ.

ಇನ್ನೊಂದು ಮಾತು. ಕ್ಲೋಜಪೈನ್‌ನಿಂದ ಕಡಿಮೆಯಾಗಬಹುದಾದ ಬಿಳಿ ರಕ್ತಕಣದ ಎಣಿಕೆ ಬೇರೆ ಪರೀಕ್ಷೆ. ಲೆವೆಲ್ ಸರಿಯಿದೆ ಅಂತ ಅದನ್ನು ಬಿಡುವಂತಿಲ್ಲ.