ಮೊದಲು ಡ್ರಾಯಿಂಗ್ ಬರಲಿ, ಆಮೇಲೆ ಮಷೀನ್: ಲೇತ್ ಅಂಗಡಿಯಿಂದ ವಾಹನ ಬಿಡಿಭಾಗದ ಕೆಲಸಕ್ಕೆ

ಬಿಡದಿಯ ಮೂರನೇ ಘಟಕಕ್ಕೆ 3,300 ಕೋಟಿ ರೂಪಾಯಿ ಹಾಕುವುದಾಗಿ ಟೊಯೊಟಾ ಕಿರ್ಲೋಸ್ಕರ್ 2023ರ ನವೆಂಬರ್‌ನಲ್ಲಿ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಇಂಥ ಸುದ್ದಿ ಬಂದಾಗಲೆಲ್ಲ ದಾವಣಗೆರೆಯ ವರ್ಕ್‌ಶಾಪ್‌ಗಳಲ್ಲಿ ಏಳುವ ಪ್ರಶ್ನೆ ಒಂದೇ: ‘ಅದ್ರಾಗ ನಮಗೇನೈತಿ?’

ಇದೆ. ಆದರೆ ಕಾರು ಕಂಪನಿಯ ಗೇಟಿನ ಮುಂದೆ ನಿಂತರೆ ಸಿಗದು. ಕಂಪನಿಗೆ ನೇರವಾಗಿ ಮಾಲು ಕೊಡುವವರು ಬೇರೆ. ಅವರಿಗೆ ಬುಷ್ (ಶಾಫ್ಟ್ ಕೂರುವ ಕೊಳವೆಯಂಥ ಭಾಗ), ಪಿನ್, ಬ್ರ್ಯಾಕೆಟ್ ಕೂಲಿಗೆ ಮಾಡಿಕೊಡುವ ಜಾಬ್ ವರ್ಕ್‌ನವರು ಬೇರೆ. ನಮ್ಮ ಜಾಗ ಈ ಕೆಳಗಿನ ಮೆಟ್ಟಿಲು. ಅತ್ತ ಧಾರವಾಡದಲ್ಲಿ ಟಾಟಾ ಬಸ್ಸು, ಇತ್ತ ಬಿಡದಿಯಲ್ಲಿ ಟೊಯೊಟಾ. ನಡುವೆ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ನಾವು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಿಸುತ್ತಿದ್ದದ್ದು ಪಕ್ಕದ ಹರಿಹರದಲ್ಲೇ. ಕಾರ್ಖಾನೆ ಮುಚ್ಚಿದೆ, ಕಸುಬು ಉಳಿದಿದೆ.

ಕಾಗದ

ಉದ್ಯಮ್ ನೋಂದಣಿ, ಅಂದರೆ ಕಿರು, ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ, ಮಾಡಿಸಿ. ಆಧಾರ್, ಪ್ಯಾನ್ ಸಾಕು, ಶುಲ್ಕವಿಲ್ಲ. ದುಡ್ಡು ಕೇಳುವ ಏಜೆಂಟರನ್ನು ನಂಬಬೇಡಿ. ಜಿಎಸ್‌ಟಿ ನಂಬರ್ ಇರಲಿ. ಇಷ್ಟಾದರೆ ಮೊದಲ ದಿನದ ಕೆಲಸ ಮುಗಿಯಿತು.

ಸ್ಯಾಂಪಲ್

ಡ್ರಾಯಿಂಗ್ ಕೊಟ್ಟವರಿಗೆ ಮೊದಲು ಸ್ಯಾಂಪಲ್ ಮಾಡಿ ತೋರಿಸಬೇಕು. ಹೆಚ್ಚಿನವರು ಎಡವುವುದು ಇಲ್ಲಿ. ಪಂಪ್‌ಸೆಟ್ ಶಾಫ್ಟಿಗೆ ‘ಒಂಚೂರು ಟೈಟ್’ ಎಂದರೆ ನಡೆಯುತ್ತದೆ. ವಾಹನದ ಡ್ರಾಯಿಂಗಿನಲ್ಲಿ 25 ಮಿ.ಮೀ. ಬುಷ್‌ಗೆ 0.02 ಮಿ.ಮೀ. ಮಾತ್ರ ಹೆಚ್ಚುಕಡಿಮೆ ಆಗಬಹುದು ಎಂದು ಬರೆದಿರಬಹುದು. ನಮ್ಮ ಸಾಮಾನ್ಯ ವರ್ನಿಯರ್ ತೋರಿಸುವ ಅತಿ ಸಣ್ಣ ಅಳತೆಯೇ ಅಷ್ಟು! ಹಾಗಾಗಿ ಇನ್ನೂ ಸೂಕ್ಷ್ಮವಾಗಿ ಅಳೆಯುವ ಮೈಕ್ರೋಮೀಟರ್, ತೂತಿನ ಒಳ ಅಳತೆಗೆ ಬೋರ್ ಗೇಜ್ ಕೊಳ್ಳಿ, ಅವು ಸರಿಯಾಗಿ ಅಳೆಯುತ್ತವೆ ಎಂಬ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಇಟ್ಟುಕೊಳ್ಳಿ. ಹುಡುಗರಿಗೆ ತರಬೇತಿ ಬೇಕಿದ್ದರೆ ಹರಿಹರದ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ವಿಚಾರಿಸಿ. ಸ್ಯಾಂಪಲ್ ಜೊತೆ ಪ್ರತಿ ಪೀಸಿನ ಅಳತೆ ಬರೆದ ಹಾಳೆಯನ್ನೂ ಕಳಿಸಿ. ಆ ಹಾಳೆ ನೋಡಿಯೇ ಅವರು ನಿಮ್ಮನ್ನು ಅಳೆಯುತ್ತಾರೆ.

ರೇಟು

ಪಕ್ಕದವನು ಎಷ್ಟು ಹೇಳಿದ ಎಂದು ಕೇಳಿ ರೇಟು ಕೊಡಬೇಡಿ. ಗಂಟೆಯ ಲೆಕ್ಕ ಹಾಕಿ. ಉದಾಹರಣೆಗೆ, 20 ಲಕ್ಷದ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮಷೀನಿಗೆ 4 ಲಕ್ಷ ಕೈಯಿಂದ, 16 ಲಕ್ಷ ಸಾಲ ಎಂದುಕೊಳ್ಳಿ. 10% ಬಡ್ಡಿ, 5 ವರ್ಷವಾದರೆ ಕಂತು ತಿಂಗಳಿಗೆ ಸುಮಾರು 34,000 ರೂಪಾಯಿ. ಆಪರೇಟರ್ ಸಂಬಳ, ಕರೆಂಟು, ಬಾಡಿಗೆ, ಇನ್ಸರ್ಟ್ (ಕತ್ತರಿಸುವ ಟೂಲಿನ ತುದಿ), ಕೂಲಂಟ್ (ತಂಪು ದ್ರವ) ಎಲ್ಲ ಸೇರಿ 56,000 ಎಂದಿಟ್ಟುಕೊಂಡರೆ ಒಟ್ಟು 90,000. 200 ಗಂಟೆ ಓಡಿದರೆ ಗಂಟೆಗೆ 450. ಒಂದು ಬುಷ್‌ಗೆ 4 ನಿಮಿಷ ಹಿಡಿದರೆ, ಪೀಸಿಗೆ 30 ರೂಪಾಯಿ ಖರ್ಚು.

ಆದರೆ ಯಾವ ಮಷೀನ್ 200 ಗಂಟೆ ಓಡುತ್ತದೆ? ಕರೆಂಟು ಹೋಗುತ್ತದೆ, ಆಪರೇಟರ್ ಊರ ಜಾತ್ರೆಗೆ ಹೋಗುತ್ತಾನೆ, ಆರ್ಡರೇ ಇರುವುದಿಲ್ಲ. 140 ಗಂಟೆ ಹಿಡಿದರೆ ಅದೇ ಬುಷ್‌ಗೆ ಹತ್ತಿರ ಹತ್ತಿರ 43. ಖುಷಿಯಿಂದ 35ಕ್ಕೆ ಒಪ್ಪಿಕೊಂಡವರು ಪೀಸಿಗೆ 8 ರೂಪಾಯಿ ಕೈಯಿಂದ ಕಟ್ಟುತ್ತಾರೆ. ಅದಕ್ಕೇ ಮೊದಲ ಕೆಲವು ಲಾಟ್‌ಗಳನ್ನು ಪರಿಚಯದವರ ಮಷೀನಿನಲ್ಲಿ ಗಂಟೆ ಬಾಡಿಗೆಗೆ ಮಾಡಿಸುವುದು ಜಾಣತನ.

ಸಾಲ

ಪರ್ಚೇಸ್ ಆರ್ಡರ್ ಕೈಗೆ ಬಂದ ಮೇಲೆ ಬ್ಯಾಂಕಿಗೆ ಹೋಗಿ. ಅಡಮಾನವಿಲ್ಲದ ಸಾಲಕ್ಕೆ ಸಿಜಿಟಿಎಂಎಸ್ಇ ಎಂಬ ಸಾಲ ಖಾತ್ರಿ ನಿಧಿಯ ಖಾತ್ರಿ ಇದೆ. ಮಿತಿ 2025ರ ಏಪ್ರಿಲ್‌ನಿಂದ 10 ಕೋಟಿ. ಮ್ಯಾನೇಜರ್ ‘ಹೊಲದ ಪತ್ರ ತನ್ನಿ’ ಎಂದರೆ ಈ ಹೆಸರು ಹೇಳಿ. ಹೊಸದಾಗಿ ಘಟಕ ಶುರು ಮಾಡುವವರು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ) ಸಬ್ಸಿಡಿ ಕೇಳಬಹುದು. ಈಗಾಗಲೇ ನಡೆಯುತ್ತಿರುವ ಅಂಗಡಿಯನ್ನು ಹೊಸ ಘಟಕವೆಂದು ತೋರಿಸಿ ಅದನ್ನು ಪಡೆಯಲಾಗದು.

ಬಿಲ್ಲು

ಕಿರು, ಸಣ್ಣ ಉದ್ದಿಮೆಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು; ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ. 2006ರ ಎಂಎಸ್ಎಂಇ (ಕಿರು, ಸಣ್ಣ, ಮಧ್ಯಮ ಉದ್ದಿಮೆ) ಅಭಿವೃದ್ಧಿ ಕಾಯ್ದೆ ಹೇಳುವುದು ಇದನ್ನೇ. ಹಣ ತಡವಾದರೆ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು ನಿಜ, ಆದರೆ ದೂರು ಕೊಟ್ಟವರಿಗೆ ಮುಂದಿನ ಆರ್ಡರ್ ಬರುತ್ತದೆಯೇ ಎಂಬ ಅಳುಕು ಎಲ್ಲರಿಗೂ ಇದ್ದದ್ದೇ. ಮೂರು ತಿಂಗಳ ಸಂಬಳ, ಕಂತಿನ ಹಣ ಪಕ್ಕಕ್ಕಿಟ್ಟೇ ಇಳಿಯಿರಿ.

ಇನ್ನೊಂದು: ಜಾಬ್ ವರ್ಕ್‌ನಲ್ಲಿ ಕಬ್ಬಿಣ ಅವರದು, ಕೂಲಿ ನಿಮ್ಮದು. ಕಬ್ಬಿಣ ತೆಗೆದಾಗ ಉಳಿದ ಚಿಪ್ಪು ಯಾರದು, ರಿಜೆಕ್ಟ್ ಆದ ಪೀಸಿನ ಕಬ್ಬಿಣದ ದುಡ್ಡು ಯಾರ ತಲೆಗೆ ಎಂಬುದನ್ನು ಆರ್ಡರಿನಲ್ಲೇ ಬರೆಸಿಕೊಳ್ಳಿ, ಮೊದಲ ಲೋಡು ಇಳಿಸಿಕೊಳ್ಳುವ ಮುಂಚೆ.